ಚೇಳಿನ ಸುತ್ತ ಕಾವಲು

ಕಾವಲು ಕೋಶಗಳಿಗೆ ಕಣ್ಣಿಲ್ಲ, ಕಿವಿಯಿಲ್ಲ, ಹಿರಿಯರು ಕಿರಿಯರೆಂಬ ಮರ್ಯಾದೆಯಂತೂ ಮೊದಲೇ ಇಲ್ಲ. ಯಾರ ಮೈಯೊಳಗೆ ಬಿಟ್ಟರೂ ಎದುರಾದವರಿಗೆಲ್ಲ ಅವು ಕೇಳುವುದು ಒಂದೇ ಪ್ರಶ್ನೆ: ನೀನು ಮನೆಯವನೋ, ಹೊರಗಿನವನೋ? ಹೊರಗಿನವನೆಂದು ಗೊತ್ತಾದರೆ ಸುತ್ತುಗಟ್ಟಿ ತಿಂದು ಮುಗಿಸುತ್ತವೆ. ಗದಗಿನ ಚರ್ಮ ಕಾವಲು ಕೇಂದ್ರದಲ್ಲಿ ಅವುಗಳನ್ನು ಅಟ್ಟುವ ಕೆಲಸ ವಿಶಾಲಾಳದು. ನಿಯಂತ್ರಣ ಕೊಠಡಿಯಲ್ಲಿ ಕುಳಿತು, ಆಚೆ ವಾರ್ಡಿನಲ್ಲಿ ಮಲಗಿದವರ ಮೈಯೊಳಗಿನ ಕಾವಲು ಎತ್ತ ಹೊರಟಿದೆ, ಎಲ್ಲಿ ನಿಂತಿದೆ ಎಂದು ಪರದೆಯ ಮೇಲೆ ನೋಡುತ್ತ, ದಾರಿ ತಪ್ಪಿದರೆ ತಿದ್ದಬೇಕು. ಅವಳು ಕುರಿ ಕಾಯುವ ಮನೆತನದ ಹೆಣ್ಣು. ಕುರಿಗಿಂತ ಇವು ವಾಸಿ, ಮೇಯುವಾಗ ಸದ್ದು ಮಾಡುವುದಿಲ್ಲ ಎಂದು ಹೊಸಬರಿಗೆ ಹೇಳುತ್ತಿದ್ದಳು.

ಆ ಮಧ್ಯಾಹ್ನ ಪರದೆಯ ಮೇಲಿದ್ದದ್ದು ಅವಳ ಅತ್ತೆ ಫಕೀರವ್ವನ ಬಲಗೈ. ಸ್ವಂತ ಮನೆಯವರ ಕಾವಲನ್ನು ತಾವೇ ನಡೆಸಬಾರದೆಂದು ಕೇಂದ್ರದಲ್ಲಿ ನಿಯಮವಿತ್ತು. ಆದರೆ ಆ ಕೊಠಡಿಯಲ್ಲಿ ಕೆಲಸ ಬಲ್ಲವರು ಇಬ್ಬರೇ. ಇನ್ನೊಬ್ಬಾಕೆ ಹೆರಿಗೆಗೆ ತವರಿಗೆ ಹೋಗಿದ್ದಳು, ನಿಯಮವೂ ಅವಳ ಜೊತೆಗೆ ರಜೆ ಹಾಕಿತ್ತು.

ಕಾವಲನ್ನು ಮೈಗೆ ಬಿಟ್ಟು ಮೂರನೆಯ ದಿನ ಅದು. ಪ್ರತಿ ಕೋಶಕ್ಕೂ ಮಿಣುಕುವ ಗುರುತೊಂದನ್ನು ಅಂಟಿಸಿರುತ್ತಾರೆ. ರೋಗಿಯ ತೋಳಿಗೆ ತೊಡಿಸಿದ ಮೆತ್ತನೆಯ ಚೀಲ ಆ ಮಿಣುಕನ್ನು ಹಿಡಿದು ಪರದೆಗೆ ಕಳಿಸುತ್ತದೆ. ಇಷ್ಟು ಹೊತ್ತಿಗೆ ಹಸಿರು ಚುಕ್ಕಿಗಳೆಲ್ಲ ಆ ಕೈಯಲ್ಲಿನ ರೋಗದ ಗಂಟಿನ ಮೇಲೆ ಇರುವೆಯಂತೆ ಮುತ್ತಿಕೊಂಡಿರಬೇಕಿತ್ತು. ಗಂಟಿನ ಮೇಲೆ ಹತ್ತಿಪ್ಪತ್ತು ಚುಕ್ಕಿ ಸುಮ್ಮನೆ ಅಡ್ಡಾಡುತ್ತಿದ್ದವು. ಉಳಿದ ದಂಡೆಲ್ಲ ಅದರ ಪಕ್ಕದಲ್ಲಿ ಬೀಡುಬಿಟ್ಟಿತ್ತು. ಮೊದಲು ಒಂದು ಗೆರೆಯಾಯಿತು. ಗೆರೆಯ ಅಕ್ಕಪಕ್ಕ ಕಾಲು ಮೂಡಿದವು. ಮುಂದೆ ಎರಡು ಇಕ್ಕಳ, ಹಿಂದೆ ಮೇಲಕ್ಕೆ ಮಡಿಚಿದ ಬಾಲ. ವಿಶಾಲಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಪರದೆಯ ಮೇಲೆ ಹಸಿರು ಬೆಳಕಿನ ಚೇಳೊಂದು ಕುಳಿತಿತ್ತು. ಅದು ಅವಳಿಗೆ ಹೊಸದೇನಲ್ಲ. ಮದುವೆಯಾಗಿ ಬಂದ ದಿನದಿಂದ ಆ ಚೇಳು ಅವಳ ಕಡೆಗೆ ಊಟದ ಗಂಗಾಳ ನೂಕುವುದನ್ನು ನೋಡುತ್ತ ಬಂದಿದ್ದಳು. ಫಕೀರವ್ವನ ಮುಂಗೈ ಮೇಲಿನ ಹಚ್ಚೆ ಅದು.

ಫಕೀರವ್ವ ಮುಂಡರಗಿ ಕಡೆಯ ಸೋಲಾರ್ ಹೊಲದಲ್ಲಿ ಫಲಕ ತೊಳೆಯುವ ಹೆಂಗಸರ ಗುಂಪಿನಲ್ಲಿ ಮುದುಕಿಯಾದವಳು. ಜೋಳ, ಸೂರ್ಯಕಾಂತಿ ಬೆಳೆಯುತ್ತಿದ್ದ ಕರಿನೆಲದ ಮೇಲೆ ದಿಗಂತದವರೆಗೂ ನೀಲಿ ಗಾಜು ಹಾಸಿದ ಮೇಲೆ ಅಲ್ಲಿ ಉಳಿದ ಕೂಲಿ ಅದೊಂದೇ. ಗಾಜಿನ ಮೇಲೆ ದೂಳು ಕುಳಿತರೆ ಕರೆಂಟು ಕಡಿಮೆ, ಹಾಗಾಗಿ ವರ್ಷವಿಡೀ ತೊಳೆಯಬೇಕು. ಮೇಲೊಬ್ಬ ಸೂರ್ಯ, ಗಾಜಿನೊಳಗೊಬ್ಬ ಸೂರ್ಯ, ನಡುವೆ ನಾವು ರೊಟ್ಟಿ ಎಂದು ಆ ಹೆಂಗಸರು ನಗುತ್ತಿದ್ದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಿದ್ದರಾದರೂ, ನೀರು ಎಳೆಯುವ ಬಲಗೈ ತೋಳನ್ನು ಮೇಲಕ್ಕೆ ಮಡಿಚಲೇಬೇಕು. ಬಿಸಿಲು ಆ ಕೈಯನ್ನು ಗುರುತಿಟ್ಟುಕೊಂಡಿತ್ತು.

ಗಂಟನ್ನು ಮೊದಲು ಕಂಡವಳು ವಿಶಾಲಾ. ಅತ್ತೆ ರೊಟ್ಟಿ ತಟ್ಟುವಾಗ ಹಚ್ಚೆಯ ಪಕ್ಕ ಕವಳಿ ಹಣ್ಣಿನ ಬಣ್ಣದ, ಅಷ್ಟೇ ಗಾತ್ರದ ಒಂದು ಗುಬುಟು ಹೊಳೆಯಿತು. ದಿನವೂ ಚರ್ಮವನ್ನೇ ನೋಡುವ ಅವಳು ಅದೇನಿರಬಹುದೆಂದು ಒಂದೇ ನೋಟಕ್ಕೆ ಊಹಿಸಿದಳು. ಹಗುರವಾಗಿ ಮುಟ್ಟಿದ್ದನ್ನು ತಿಳಿಯುವುದಕ್ಕೆಂದೇ ಚರ್ಮದಡಿಯಲ್ಲಿ ಮರ್ಕೆಲ್ ಎಂಬ ಕೋಶಗಳಿವೆ. ಮೈಮೇಲೆ ನೊಣ ಕುಳಿತರೆ, ಮಗುವಿನ ಉಸಿರು ತಾಕಿದರೆ ಹೇಳುವವು ಅವೇ. ಅವುಗಳ ಹೆಸರನ್ನೇ ಹೊತ್ತ ಅಪರೂಪದ ಕ್ಯಾನ್ಸರ್ ಒಂದಿದೆ. ಸಾವಿರ ಗಂಟು ನೋಡಿದರೆ ಅದು ಒಮ್ಮೆ ಸಿಕ್ಕೀತು. ಸಿಕ್ಕಿತೆಂದರೆ ವಾರ ವಾರಕ್ಕೆ ಉಬ್ಬುತ್ತದೆ, ಕಂಕುಳಿಗೆ ಇಳಿಯುತ್ತದೆ, ಅಲ್ಲಿಂದ ಎಲ್ಲಿಗೆ ಬೇಕಾದರೂ ಹೊರಡುತ್ತದೆ. ಅದರ ದೊಡ್ಡ ಮೋಸವೆಂದರೆ ನೋಯುವುದಿಲ್ಲ. ನೋಯದ ಗಂಟಿಗೆ ಯಾರು ದವಾಖಾನೆ ಮೆಟ್ಟಿಲು ಹತ್ತುತ್ತಾರೆ?

ತೋರಿಸಿಕೊಳ್ಳಿ ಎಂದರೆ ಫಕೀರವ್ವ ಸೆರಗು ಎಳೆದು ಕೈ ಮುಚ್ಚಿಕೊಂಡಳು. ಸೊಸೆ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಆ ಮಾತು ಆ ಮನೆಯಲ್ಲಿ ಕೆಲವು ವಾರ ಬಿಸಿಲಿಗೆ ಬಿದ್ದು ಒಣಗಿತು. ಕೊನೆಗೆ ಮಗ ಮೈಲಾರಪ್ಪ ಕೈ ಮುಗಿದು ಕರೆದೊಯ್ಯುವಷ್ಟರಲ್ಲಿ ಕವಳಿ ಹಣ್ಣು ನೆಲ್ಲಿಕಾಯಿ ಆಗಿತ್ತು. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಕಂಕುಳಲ್ಲಿನ ಒಂದು ಗ್ರಂಥಿಯನ್ನೂ ಪರೀಕ್ಷೆಗೆಂದು ತೆಗೆದಾಗ ಅದು ಇದ್ದಿಲಿನಂತೆ ಕಪ್ಪಗಿತ್ತು. ರೋಗ ಒಳಗಿಳಿದೇ ಬಿಟ್ಟಿತೆಂದು ಕೊಯ್ದವರು ಗಾಬರಿಯಾದರು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಅದು ರೋಗವಲ್ಲ, ದೀಪದ ಕಾಡಿಗೆ. ಐವತ್ತು ವರ್ಷದ ಹಿಂದೆ ಹಾಕಿಸಿಕೊಂಡ ಹಚ್ಚೆಯ ಮಸಿ ಕೈಯಿಂದ ಹರಿದು ಕಂಕುಳ ಸೇರಿ ಕುಳಿತಿತ್ತು. ಆಮೇಲೆ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಗಾಯ ಮಾಯಿತು. ಒಂದು ಸುಗ್ಗಿ ಕಳೆಯುವುದರೊಳಗೆ ಗಾಯದ ಅಂಚಿನಲ್ಲಿ, ಚೇಳಿನ ಬಾಲಕ್ಕೆ ತಾಗಿದಂತೆ, ಗಂಟು ಮತ್ತೆ ತಲೆ ಎತ್ತಿ ಮೊದಲಿನಷ್ಟೇ ದಪ್ಪವಾಯಿತು. ಉಳಿದದ್ದು ಕಾವಲು ಒಂದೇ.

ರೋಗಿಯ ರಕ್ತದಿಂದಲೇ ಕೋಶಗಳನ್ನು ತೆಗೆದು, ಅದೇ ಗಂಟಿನ ಚೂರನ್ನು ತೋರಿಸಿ, ಇದು ಹೊರಗಿನದು ಎಂದು ಪ್ರಯೋಗಾಲಯದಲ್ಲಿ ಪಾಠ ಹೇಳಿ ಮತ್ತೆ ಮೈಗೆ ಬಿಡುತ್ತಾರೆ. ಪಾಠ ಬರೆದವರು ದೂರದ ನಗರದವರು. ಅವರ ಕಣ್ಣ ಮುಂದಿದ್ದ ಕೈಗಳಲ್ಲಿ ಇಂಥ ಹಚ್ಚೆ ಇರಲಿಲ್ಲ. ಹಾಗಾಗಿ ಕಾವಲು ಫಕೀರವ್ವನ ಮೈಹೊಕ್ಕು ಸುತ್ತ ನೋಡಿತು. ಗಂಟು ಅವಳದೇ ಕೋಶಗಳಿಂದ ಹುಟ್ಟಿದ್ದು, ಮನೆಯವರ ವೇಷ ಹಾಕಿಕೊಂಡಿತ್ತು. ಹಚ್ಚೆ ಯಾವ ವೇಷವನ್ನೂ ಹಾಕಿರಲಿಲ್ಲ. ಕಳ್ಳನನ್ನು ಬಿಟ್ಟು ನೆಂಟನನ್ನು ಹಿಡಿದ ಪೊಲೀಸರಂತೆ ಕಾವಲು ಚೇಳನ್ನು ಸುತ್ತುವರಿದು ಕುಳಿತಿತು. ಹಾಗೆ ಕುಳಿತೇ ದಣಿಯುತ್ತದೆ, ದಣಿದು ಮಲಗುತ್ತದೆ. ಗಂಟು ಮಲಗುವುದಿಲ್ಲ.

ಸಂಜೆ ಮನೆಗೆ ಹೋದ ವಿಶಾಲಾ ಅಡುಗೆಮನೆಯಲ್ಲಿ ಮೈಲಾರಪ್ಪನಿಗೆ ಇಷ್ಟನ್ನೂ ಬಿಡಿಸಿ ಹೇಳಿದಳು. ಪರದೆಯಲ್ಲಿ ‘ತೊಳೆ’ ಎಂಬ ಆದೇಶವೊಂದಿದೆ. ಅದನ್ನು ಕೊಟ್ಟರೆ ಕಾವಲು ಮೊದಲು ಹಚ್ಚೆಯ ಮಸಿಯನ್ನೆಲ್ಲ ತಿಂದು ತೇಗಿ, ಆಮೇಲೆ ಗಂಟಿಗೆ ಹೋಗುತ್ತದೆ. ಕೈ ಸ್ವಚ್ಛ, ರೋಗವೂ ಸ್ವಚ್ಛ. ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದ ಫಕೀರವ್ವನಿಗೆ ಕೇಳಬಾರದೆಂದು ದನಿ ತಗ್ಗಿಸಿದ್ದಳು. ಆ ಮುದುಕಿಯ ಕಿವಿ ಸೊಸೆ ದನಿ ತಗ್ಗಿಸಿದಾಗಲೇ ಹೆಚ್ಚು ಚುರುಕು. ಅಂದು ಸಂಜೆಯಷ್ಟೇ ವಾರ್ಡಿನಿಂದ ಮನೆಗೆ ಬಿಟ್ಟಿದ್ದರು, ತೋಳಚೀಲ ಕೈಮೇಲೇ ಇತ್ತು.

“ಮೈಲಾರಿ,” ಎಂದು ಕೂಗಿದಳು, ಸೊಸೆಯ ಹೆಸರು ಎತ್ತದೆ. “ನಾ ಸತ್ತರ ನನ್ನ ಮೈಮ್ಯಾಲಿನ ಬಂಗಾರ ನೀವು ಬಿಚ್ಚಿಕೊಳ್ಳತೀರಿ. ಬಳಿ ತಗೀತೀರಿ. ಮಣ್ಣಾಗ ಇಡೂ ಮುಂದ ಹೊಸಾ ಸೀರಿನೂ ಅರ್ಧಾ ಹರೀತೀರಿ. ಹಚ್ಚಿ ಬಿಚ್ಚಾಕ ಯಾರ ಕೈಲೂ ಆಗಂಗಿಲ್ಲ. ಅದೊಂದಾ ನನ್ನ ಜೋಡಿ ಬರೂದು.”

ಮೈಲಾರಪ್ಪ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನೋಡಿದ. ಅವ್ವ ಅದನ್ನು ಸುಮ್ಮನೆ ಹೇಳುತ್ತಿಲ್ಲವೆಂದು ಅವನಿಗೆ ಗೊತ್ತಿತ್ತು. ಫಕೀರವ್ವ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಅವಳನ್ನು ತೊಡೆಯ ಮೇಲೆ ಅದುಮಿ ಹಿಡಿದು ಆ ಚೇಳು ಹಾಕಿಸಿದವಳು ಅವಳ ತಾಯಿ. ಮಗಳು ಅತ್ತಳೆಂದು ತಾನೂ ಅದೇ ಸೂಜಿಯಿಂದ, ಅದೇ ಕೈಗೆ, ಅಂಥದೇ ಚೇಳು ಹಾಕಿಸಿಕೊಂಡಳಂತೆ. ಅದೇ ವರ್ಷ ವಾಂತಿಭೇದಿಯಲ್ಲಿ ಹೋದಳು. ಸತ್ತು ಅಲ್ಲಿಗೆ ಹೋದಾಗ ಮುಖ ನೋಡಿ ಗುರುತು ಹಿಡಿಯುವುದು ಆಗದ ಮಾತು, ತಾಯಿಗಿಂತ ಮಗಳೇ ಮುದುಕಿಯಾಗಿದ್ದಾಳೆ. ಕೈ ನೋಡಿಯೇ ಹಿಡಿಯಬೇಕು.

ವಿಶಾಲಾಳಿಗೂ ಈ ಕಥೆ ಗೊತ್ತಿತ್ತು. ಬೇರೆ ರೀತಿಯಲ್ಲಿ ಗೊತ್ತಿತ್ತು. ಮದುವೆಯ ಮರುವಾರವೇ ಫಕೀರವ್ವ ಹಚ್ಚೆಯವಳನ್ನು ಮನೆಗೆ ಕರೆಸಿ, ಸೊಸೆಯ ಕೈಗೆ ಒಂದು ಬೊಟ್ಟಾದರೂ ಹಾಕಿಸಬೇಕು, ಹಚ್ಚೆ ಇಲ್ಲದ ಕೈಯಿಂದ ಈ ಮನೆಯಲ್ಲಿ ನೀರು ಇಳಿಯುವುದಿಲ್ಲ ಎಂದಿದ್ದಳು. ಚರ್ಮದ ಕೇಂದ್ರದಲ್ಲಿ ಕೆಲಸ ಮಾಡುವ ತಾನು ಊರೂರು ತಿರುಗಿದ ಸೂಜಿಗೆ ಕೈ ಕೊಡಬೇಕೇ ಎಂದು ವಿಶಾಲಾ ಬಂದವರ ಮುಂದೆಯೇ ನಕ್ಕಿದ್ದಳು. ಆ ನಗು ಅಂದಿನಿಂದ ಆ ಮನೆಯ ಮೂಲೆಯಲ್ಲಿ ಕುಳಿತಿತ್ತು. ತೊಳೆದ ಗಂಗಾಳದಂಥ ಕೈ ಎಂದು ಫಕೀರವ್ವ ಅವಳಿಗೆ ಹೆಸರಿಟ್ಟಳು. ನೀರಿನ ಚೊಂಬನ್ನು ಸೊಸೆ ನೆಲಕ್ಕಿಡಬೇಕು, ಅತ್ತೆ ನೆಲದಿಂದ ಎತ್ತಿಕೊಳ್ಳಬೇಕು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿ ಎಷ್ಟು ವರ್ಷವಾಯಿತೆಂದು ಇಬ್ಬರಿಗೂ ನೆನಪಿರಲಿಲ್ಲ.

ಮರುದಿನ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ಪರದೆಯ ಮುಂದೆ ನಿಂತು ಚೇಳನ್ನು ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಎಂದರು, ಆಮೇಲೆ ನಿಟ್ಟುಸಿರು ಬಿಟ್ಟರು. ದಾರಿ ಎರಡಿವೆ ಎಂದು ಹೇಳಿದರು. ಒಂದು, ತೊಳೆ. ಇನ್ನೊಂದು, ಮುಟ್ಟುನಕ್ಷೆ. ಹಚ್ಚೆಯ ಪ್ರತಿ ಗೆರೆಯನ್ನೂ ಪರದೆಯ ಮೇಲೆ ಕೈಯಿಂದ ಬರೆದು, ಇದು ಮನೆಯವರದು, ಇಲ್ಲಿಂದ ಏಳಿ ಎಂದು ಕಾವಲಿಗೆ ತಿಳಿಸುವುದು. ತೋಳಚೀಲ ಆ ಗೆರೆಗಳುದ್ದಕ್ಕೂ ಕಾವಲನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ಇಲ್ಲಿ ಬಾಲ ಮತ್ತು ಗಂಟು ಒಂದಕ್ಕೊಂದು ಅಂಟಿಕೊಂಡಿವೆ. ಹಳೆಯ ಮಸಿ ಚರ್ಮದಡಿಯಲ್ಲಿ ಕದಡಿ ಹರಡಿದೆ. ಎಲ್ಲಿ ಮಸಿ ಮುಗಿದು ಎಲ್ಲಿ ಗಂಟು ಶುರುವಾಗುತ್ತದೆಂದು ಯಂತ್ರಕ್ಕೆ ಕಾಣುವುದಿಲ್ಲ. ಗೆರೆ ಕೂದಲೆಳೆಯಷ್ಟು ಆಚೆ ಹೋದರೂ ಗಂಟಿಗೇ ರಕ್ಷಣೆ ಕೊಟ್ಟಂತೆ.

ಅದನ್ನು ಹೇಳಬಲ್ಲುದು ರೋಗಿಯ ಚರ್ಮ ಮಾತ್ರ. ಮಸಿ ಇದ್ದರೂ ಚರ್ಮಕ್ಕೆ ಹಗುರ ಸ್ಪರ್ಶ ತಿಳಿಯುತ್ತದೆ. ಗಂಟು ಹರಡಿದಲ್ಲಿ ಸ್ಪರ್ಶದ ಕೋಶಗಳೇ ಕೆಟ್ಟಿರುವುದರಿಂದ ತಿಳಿಯುವುದಿಲ್ಲ. ಹತ್ತಿಯ ಎಳೆಯೊಂದನ್ನು ಹಿಡಿದು ಎಳ್ಳಿನಷ್ಟು ಜಾಗ ಬಿಡದೆ ಮುಟ್ಟುತ್ತ ಹೋಗಬೇಕು. ಗೊತ್ತಾಯಿತೇ ಎಂದು ಕೇಳಬೇಕು, ಆಕೆ ಹೌದು ಅಥವಾ ಇಲ್ಲ ಎನ್ನಬೇಕು. ದಿನಕ್ಕೆ ಇಷ್ಟಿಷ್ಟು. ಸಿಟ್ಟು ಬಂದು ಒಂದು ಸುಳ್ಳು ಹೇಳಿದರೆ ನಕ್ಷೆ ಕೆಟ್ಟಿತು.

“ನಿಮ್ಮ ಅತ್ತೆ ಒಪ್ಪುತ್ತಾರಾ? ಕೇಳಿದಿರಾ?” ಎಂದರು ಡಾಕ್ಟರು.

“ಕೇಳಿದೆ ಮೇಡಂ. ಕೈ ಕೊಡಂಗಿಲ್ಲ ಅಂದ್ರು,” ಎಂದಳು ವಿಶಾಲಾ.

ಅವಳು ಕೇಳಿರಲಿಲ್ಲ. ಕೇಳಬೇಕಾದರೆ ಮೊದಲು ಅತ್ತೆಯ ಎದುರು ನೆಲದ ಮೇಲೆ ಕೂರಬೇಕು, ಕೈ ಕೊಡಿ ಎನ್ನಬೇಕು, ಆ ಮುದುಕಿ ಸೆರಗು ಎಳೆದುಕೊಂಡು ಗೋಡೆ ನೋಡುವುದನ್ನು ನೋಡಬೇಕು. ದಿನವಿಡೀ ಬೇರೆಯವರ ಮೈಯೊಳಗಿನ ಯುದ್ಧ ನೋಡಿ, ಮನೆಗೆ ಹೋಗಿ ಮಗಳ ಜಡೆ ಹೆಣೆದು, ನಾಳೆಯ ಪಲ್ಯ ಹೆಚ್ಚಿಟ್ಟು ಮಲಗುವವಳಿಗೆ ಆ ಒಂದು ಕೆಲಸ ಬೆಟ್ಟದಂತೆ ಕಂಡಿತು. ಗಂಟು ಕಾಯುವುದಿಲ್ಲ, ಜೀವ ದೊಡ್ಡದು, ಚೇಳು ದೊಡ್ಡದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದರಲ್ಲಿ ಸುಳ್ಳಿರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ. ರೋಗಿ ಚಿಕಿತ್ಸೆಗೆ ಅಡ್ಡಬಂದರೆ ಮಗ ಒಪ್ಪಿದರೂ ಸಾಕು ಎಂದು ಕಾಯಿದೆ ಹೇಳುತ್ತಿತ್ತು. ಮೈಲಾರಪ್ಪ ತಲೆ ತಗ್ಗಿಸಿ ಒಪ್ಪಿದ. ವಿಶಾಲಾ ಪರದೆಯ ಮುಂದೆ ಕುಳಿತು ‘ತೊಳೆ’ ಒತ್ತಿದಳು. ಬೆರಳಿಗೆ ಏನೂ ಭಾರವೆನಿಸಲಿಲ್ಲ. ಒಂದು ಗಳಿಗೆ ಹಗುರವೂ ಎನಿಸಿತು.

ಚೇಳು ಬಾಲದಿಂದ ಕರಗತೊಡಗಿತು.

ಫಕೀರವ್ವನಿಗೆ ಜ್ವರ ಬಂತು, ಕೈ ಕೆಂಪಗೆ ಊದಿತು, ಮೈಯೆಲ್ಲ ತುರಿಸಿತು. ಇದೆಲ್ಲ ಮದ್ದು ಹತ್ತಿದ ಗುರುತೆಂದು ಮಗ ಸಮಾಧಾನ ಹೇಳಿದ. ಮಸಿ ಮುಗಿದ ಮೇಲೆ ಹೊಟ್ಟೆ ತುಂಬದ ದಂಡಿನಂತೆ ಕಾವಲು ಗಂಟಿನ ಮೇಲೆ ಬಿತ್ತು. ನೆಲ್ಲಿಕಾಯಿಯಷ್ಟಿದ್ದದ್ದು ಕಡಲೆಯಾಯಿತು, ಸಾಸಿವೆಯಾಯಿತು, ಇಲ್ಲವಾಯಿತು. ಡಾಕ್ಟರ್ ತಬಸ್ಸುಮ್ ಪೇಡೆ ಹಂಚಿದರು. ತೋಳಚೀಲ ಬಿಚ್ಚುವ ದಿನ ಎಲ್ಲರೂ ಮಂಚದ ಸುತ್ತ ನಿಂತಿದ್ದರು.

ಫಕೀರವ್ವ ಬಲಗೈಯನ್ನು ತಿರುಗಿಸಿ ನೋಡಿದಳು. ಆಮೇಲೆ ಎಡಗೈ ನೋಡಿದಳು, ಎಲ್ಲಿ ಕೈ ಅದಲುಬದಲಾಯಿತೋ ಎಂಬಂತೆ. ಮತ್ತೆ ಬಲಗೈ ನೋಡಿ, ಹೆಬ್ಬೆರಳಿಗೆ ಉಗುಳು ಹಚ್ಚಿ ಚರ್ಮ ತಿಕ್ಕಿದಳು. ಚರ್ಮ ಕೂಸಿನದರಂತೆ ತೆಳುವಾಗಿ, ಗುಲಾಬಿ ಬಣ್ಣಕ್ಕಿತ್ತು.

“ಯಾರು ತಗದ್ರು?” ಎಂದಳು.

ಅವಳು ಮಗನ ಮುಖ ನೋಡಲಿಲ್ಲ, ಡಾಕ್ಟರ ಮುಖ ನೋಡಲಿಲ್ಲ. ನೇರ ಸೊಸೆಯ ಕೈ ನೋಡಿದಳು. “ಈಗ ಇಬ್ರೂ ತೊಳದ ಗಂಗಾಳ,” ಎಂದು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮನೆಗೆ ಬಂದವಳು ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು. ಸೊಸೆ ಮಾಡಿದ್ದು ಉಣ್ಣಲಿಲ್ಲ, ಸೊಸೆ ತಂದ ಗುಳಿಗೆಯನ್ನು ಮಾತ್ರ ಮಗನ ಕೈಯಿಂದ ಇಸಿದುಕೊಂಡಳು. ನಳದ ಹತ್ತಿರ ಯಾರಾದರೂ ಹೆಂಗಸರು, ನಿನ್ನ ಸೊಸೆ ನಿನ್ನ ಜೀವ ಉಳಿಸಿದಳಂತೆ ಎಂದರೆ, ಫಕೀರವ್ವ ಕೊಡ ಕೆಳಗಿಟ್ಟು ನಿಧಾನಕ್ಕೆ ಉತ್ತರ ಕೊಡುತ್ತಿದ್ದಳು. “ಹೌದಬೇ, ಉಳಿಸ್ಯಾಳ. ಕಳ್ಳ ಮನಿ ಪೂರಾ ಲೂಟಿ ಮಾಡಿ, ಹೋಗೂ ಮುಂದ ದೀಪ ಹಚ್ಚಿಟ್ಟು ಹೋದಂಗ.” ಆ ಮಾತು ಓಣಿ ಸುತ್ತಿ ವಿಶಾಲಾಳಿಗಿಂತ ಮೊದಲೇ ಮನೆ ಸೇರುತ್ತಿತ್ತು. ವಿಶಾಲಾಳೂ ಬಿಡಲಿಲ್ಲ. ಸತ್ತ ಮೇಲೆ ಬೇಕಾಗುವ ಚೇಳಿಗೆ ಇಷ್ಟು ಅಳುವವರು, ಬದುಕಿದ್ದಾಗ ಬೇಕಾಗುವ ಕೈಗೆ ಒಂದು ದಿನವಾದರೂ ಎಣ್ಣೆ ಹಚ್ಚಿದ್ದಾರೆಯೇ ಎಂದು ಪಾತ್ರೆ ತಿಕ್ಕುತ್ತ ಪಾತ್ರೆಗಳಿಗೆ ಹೇಳುತ್ತಿದ್ದಳು. ಎರಡು ಒಲೆಗಳ ನಡುವೆ ಮೈಲಾರಪ್ಪ ಎರಡು ಸಲ ಉಂಡು ದಪ್ಪಗಾದ.

ಗೆದ್ದೆನೆಂದು ವಿಶಾಲಾಳಿಗೆ ಮೊದಮೊದಲು ಅನಿಸಿತ್ತು. ಆದರೆ ಬಿಸಿಲಲ್ಲಿ ಕುಳಿತ ಅತ್ತೆ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದನ್ನು ನೋಡಿದಾಗ ಏನೋ ಒತ್ತುತ್ತಿತ್ತು. ಮೊದಲು ಗಂಟು ಮುಚ್ಚಿಟ್ಟಿದ್ದಳು, ಈಗ ಏನೂ ಇಲ್ಲದ್ದನ್ನು ಮುಚ್ಚುತ್ತಿದ್ದಳು.

ಒಂದು ಶನಿವಾರ ಫಕೀರವ್ವ ಯಾರಿಗೂ ಹೇಳದೆ ಗದಗಿನ ಸಂತೆಗೆ ಹೋಗಿ ಬಂದಳು. ಕೈಗೆ ಬಾಳೆ ಎಲೆ ಸುತ್ತಿಕೊಂಡಿದ್ದಳು. ಮೊಮ್ಮಗಳು ಓಡಿಬಂದು, ಅಜ್ಜಿ ಚೇಳು ತಂದಾಳ ಎಂದು ಕೂಗಿದಳು. ಬ್ಯಾಟರಿ ಸೂಜಿಯವನೊಬ್ಬನ ಮುಂದೆ ಕುಳಿತು, ಅವನು ತೋರಿಸಿದ ಹುಲಿ, ಹಕ್ಕಿ, ನಟರ ಹೆಸರು ಎಲ್ಲವನ್ನೂ ಬೇಡವೆಂದು, ನೆಲದ ಮೇಲೆ ಇದ್ದಿಲಿನಿಂದ ತಾನೇ ಬರೆದು ತೋರಿಸಿ, ಅದೇ ಕೈಗೆ ಅದೇ ಜಾಗದಲ್ಲಿ ಚೇಳು ಹಾಕಿಸಿಕೊಂಡಿದ್ದಳು.

ವಿಶಾಲಾ ಹಿತ್ತಲಿಗೆ ಬಂದು ಅತ್ತೆಯ ಎದುರು ನಿಂತಳು. ಈ ಕ್ಯಾನ್ಸರು ಹೋದೆನೆಂದು ಹೇಳಿ ಹೋಗುವುದಲ್ಲ, ಎರಡು ವರ್ಷ ಕಳೆಯುವವರೆಗೆ ಬಾಗಿಲ ಹಿಂದೆಯೇ ನಿಂತಿರುತ್ತದೆ, ಅದಕ್ಕೆಂದೇ ಕಾವಲನ್ನು ಮೈಯಲ್ಲೇ ಉಳಿಸಿರುವುದು. ಗಂಟು ಮತ್ತೆ ಬಂದರೆ ಕಾವಲು ಮತ್ತೆ ಈ ಚೇಳಿನ ಮೇಲೇ ಕೂರುತ್ತದೆ ಎಂದು ಮೊದಲ ಸಲ ಅತ್ತೆಯ ಮುಖಕ್ಕೇ ಹೇಳಿದಳು.

“ಗೊತ್ತಿದ್ದೂ ಸಾಯಾಕ ಹೊಂಟೀರೇನ್ರಿ ಅತ್ತಿ?”

“ಹೊಂಟೇ ಹೋಗತೀನಿ,” ಎಂದಳು ಫಕೀರವ್ವ. “ಬರಿಗೈಲೆ ಹೋಗಂಗಿಲ್ಲ.”

ಮುಂದಿನ ಬೇಸಿಗೆಯಲ್ಲಿ ಗಂಟು ಬಂತು. ಹಳೆಯ ಗಾಯದಿಂದ ಮೇಲೆ, ಮೊಣಕೈ ಕಡೆಗೆ, ಹೊಸ ಚೇಳಿನ ಬಾಲದ ತುದಿಗೆ ಮೂತಿ ತಾಗಿಸಿಕೊಂಡು. ಮೆಣಸಿನ ಕಾಳಿನಷ್ಟಿತ್ತು. ತೋಳಚೀಲ ತೊಡಿಸಿ ಪರದೆ ಹಚ್ಚಿದರೆ ಕಾವಲು ಆಗಲೇ ಎದ್ದು, ಸಾಲುಗಟ್ಟಿ ಹೊರಟು, ಚೇಳಿನ ಆಕಾರ ತಳೆದು ಕುಳಿತಾಗಿತ್ತು. ಅದೇ ಹಸಿರು. ಆದರೆ ಈ ಚೇಳು ಹಿಂದಿನಷ್ಟು ಲಕ್ಷಣವಾಗಿರಲಿಲ್ಲ. ಕಾಲುಗಳು ದಪ್ಪ, ಬಾಲ ಒಂದು ಕಡೆ ವಾಲಿತ್ತು.

ಡಾಕ್ಟರ್ ತಬಸ್ಸುಮ್ ಹೆಚ್ಚು ಮಾತಾಡಲಿಲ್ಲ. ಕಾಯಿದೆ ಮೊದಲಿನದೇ, ಮಗ ಒಪ್ಪಿದರೆ ಸಾಕು, ಹೊಸ ಮಸಿ ಬೇಗ ಕರಗುತ್ತದೆ ಎಂದರು. ಹೊರಡುವಾಗ ಮಾತ್ರ ನಿಂತು, ಆಕೆಯನ್ನು ಹೋದ ಸಲದ ಹಾಗೆ ಕೇಳಿ ನೋಡಿ ಎಂದರು. ಅವರ ದನಿಯಲ್ಲಿ ಏನಾದರೂ ಇತ್ತೋ ಇಲ್ಲವೋ, ವಿಶಾಲಾಳಿಗೆ ತಿಳಿಯಲಿಲ್ಲ. ಪರದೆಯ ಮೂಲೆಯಲ್ಲಿ ‘ತೊಳೆ’ ಬೆಳಗುತ್ತಿತ್ತು. ಗಾಜಿನ ಆಚೆ ಮಂಚದ ಮೇಲೆ ಫಕೀರವ್ವ ಕುಳಿತಿದ್ದಳು. ಒಳಗಿನಿಂದ ಇಲ್ಲಿಯ ಮಾತು ಕೇಳುವುದಿಲ್ಲ, ಮುಖ ಕಾಣುತ್ತದೆ. ಮುದುಕಿ ಸೊಸೆಯನ್ನೇ ದಿಟ್ಟಿಸುತ್ತ ಇದ್ದಳು. ಕಣ್ಣಲ್ಲಿ ಬೇಡಿಕೆ ಇರಲಿಲ್ಲ. ಒತ್ತು, ನೋಡಿಯೇ ಬಿಡೋಣ, ನಾನು ಮತ್ತೆ ಸಂತೆಗೆ ಹೋಗುತ್ತೇನೆ ಎಂದು ಆ ಮೋರೆಯಲ್ಲೇ ಬರೆದಿತ್ತು.

ಹೋಗುತ್ತಾಳೆ ಎಂದು ವಿಶಾಲಾಳಿಗೆ ಖಾತ್ರಿಯಾಯಿತು. ಒತ್ತಿದಷ್ಟು ಸಲವೂ ಹಾಕಿಸಿಕೊಂಡು ಬರುತ್ತಾಳೆ. ಇಷ್ಟು ಹಟಮಾರಿ ಗಂಟನ್ನು ಈ ಕೇಂದ್ರ ನೋಡಿರಲಿಲ್ಲ. ಬೆರಳು ಗುಂಡಿಯ ತನಕ ಹೋಯಿತು. ಹೋದ ಸಲ ಈ ಬೆರಳಿಗೆ ಆದ ಹಗುರ ಅವಳಿಗೆ ನೆನಪಾಯಿತು, ನೆನಪಾದದ್ದಕ್ಕೆ ನಾಚಿಕೆಯಾಯಿತು. ಎದ್ದು ಡಬ್ಬಿಯಿಂದ ಹತ್ತಿಯ ಉಂಡೆ ಎತ್ತಿಕೊಂಡು ಗಾಜಿನ ಬಾಗಿಲು ತೆರೆದಳು.

ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತಳು. ಏನು ಮಾಡಬೇಕೆಂಬುದನ್ನು ಹೇಳಿದಳು. ಹಚ್ಚೆ ಹೋಗುವುದಿಲ್ಲ, ಆದರೆ ದಿನವೂ ಇಬ್ಬರೂ ಹೀಗೆ ಎದುರುಬದುರು ಕೂರಬೇಕು, ನಿಜ ಹೇಳಬೇಕು, ಬಹಳ ದಿನ ಹಿಡಿಯುತ್ತದೆ, ಅಷ್ಟರಲ್ಲಿ ಗಂಟು ಮುಂದೆ ಹೋದರೂ ಹೋದೀತು.

“ಕೈ ಕೊಡ್ರಿ ಅತ್ತಿ,” ಎಂದಳು.

ಫಕೀರವ್ವ ಕೊಡಲಿಲ್ಲ. “ಈ ದಾರಿ ಆವಾಗನೂ ಇತ್ತೇನು?”

“ಇತ್ರಿ.”

“ಮತ್ತ ಯಾಕ ಕೇಳಲಿಲ್ಲ?”

“ನೀವು ಕೊಡಂಗಿಲ್ಲ ಅಂತ ಗೊತ್ತಿತ್ತು.”

ಮುದುಕಿ ಗೋಡೆ ನೋಡಿದಳು, ಗಾಜು ನೋಡಿದಳು, ಗಾಜಿನಾಚೆ ಪರದೆಯ ಮೇಲೆ ಹೊಳೆಯುವ ತನ್ನದೇ ಚೇಳನ್ನು ನೋಡಿದಳು.

“ಕೊಡತಿದ್ದಿಲ್ಲ,” ಎಂದಳು. “ಆದ್ರೂ ಕೇಳಬೇಕಿತ್ತು.”

ವಿಶಾಲಾ ಹತ್ತಿಯನ್ನು ಬೆರಳಲ್ಲಿ ಹೊಸೆಯುತ್ತ ಕುಳಿತಳು. ಉದ್ದನೆಯ ಎಳೆಯೊಂದು ಬತ್ತಿಯಂತೆ ಮೂಡಿತು. ಅಷ್ಟರಲ್ಲಿ ತೊಡೆಯ ಮೇಲೆ ಭಾರವಾದದ್ದೇನೋ ಬಿದ್ದಂತಾಯಿತು. ನೋಡಿದರೆ ಅತ್ತೆಯ ಬಲಗೈ. ಕೊಟ್ಟ ಕೈಯಂತಿರಲಿಲ್ಲ, ಎಸೆದ ಕೈಯಂತಿತ್ತು. ವಿಶಾಲಾ ತೋಳಚೀಲದ ನಡುವಿನ ಮುಚ್ಚುಕಿಂಡಿ ತೆರೆದಳು. ಬಿಸಿಲಿಗೆ ಬೆಂದ ಚರ್ಮದ ನಡುವೆ ಕಾವಲು ತೊಳೆದ ಎಳೆಯ ತುಂಡು, ಅದರ ಮೇಲೆ ಸಂತೆಯ ಚೇಳು. ಎಷ್ಟು ಬಿಸಿಯಾಗಿದೆ ಈ ಕೈ ಎಂದು ವಿಶಾಲಾ ಅಂದುಕೊಂಡಳು. ಪರದೆಯಲ್ಲಿ ಬಿಸಿ ಕಾಣುವುದಿಲ್ಲ.

ಕೈಯಾಸರೆಗೆ ತೂಗುಹಾಕಿದ್ದ ಚಿಕ್ಕ ಪರದೆಯನ್ನು ಇಬ್ಬರಿಗೂ ಕಾಣುವಂತೆ ಎಳೆದುಕೊಂಡು, ಬಾಲದ ಬುಡದಿಂದ ಶುರುಮಾಡಿದಳು. ಎಳೆಯಿಂದ ಮುಟ್ಟುವುದು, ಗೊತ್ತಾತ್ರಿ ಎಂದು ಕೇಳುವುದು, ಹೂಂ ಎಂದರೆ ಚುಕ್ಕಿ ಇಡುವುದು. ಫಕೀರವ್ವನ ಹೂಂ ಬೈಗುಳದಂತಿತ್ತು. ಒಂದು ಕಡೆ ಮುಟ್ಟಿದಾಗ ಅವಳು ಸುಮ್ಮನಾದಳು. ಮತ್ತೆ ಮುಟ್ಟಿದಾಗಲೂ ಸುಮ್ಮನಿದ್ದಳು. “ಇಲ್ಲ,” ಎಂದಳು ಕೊನೆಗೆ, ಮೊದಲ ಸಲ ದನಿ ತಗ್ಗಿಸಿ. “ಇಲ್ಲಿ ಏನೂ ಇಲ್ಲ.” ಅಲ್ಲಿ ಗಂಟಿನ ಗಡಿ. ವಿಶಾಲಾ ಗೆರೆಯನ್ನು ಅಲ್ಲಿಗೇ ನಿಲ್ಲಿಸಿ ಬಾಲದ ಕಡೆಗೆ ಹೊರಳಿಸಿದಳು. ಪರದೆಯ ಮೇಲೆ, ಗೆರೆ ಬಿದ್ದ ಜಾಗದಲ್ಲಿ ಮಿಣುಕುತ್ತಿದ್ದ ಹಸಿರು ಚುಕ್ಕಿಯೊಂದು ಅಲುಗಾಡಿ, ಅನುಮಾನಿಸಿ, ಎದ್ದು ನಿಂತಿತು.

“ಬಾಲ ಸೊಟ್ಟ ಆತು,” ಎಂದಳು ಫಕೀರವ್ವ ಪರದೆ ನೋಡುತ್ತ.

“ಸಂತ್ಯಾಗಿನವ ಹಾಕಿದ್ದ ಸೊಟ್ಟ ಐತ್ರಿ ಅತ್ತಿ. ಇದ್ದಂಗ ತಗದೀನಿ.”

“ನನ್ನ ಚೇಳು ನೆಟ್ಟಗಿತ್ತು. ನೀ ತಿನ್ನಿಸಿದಿ.”

ಎದ್ದು ನಿಂತಿದ್ದ ಚುಕ್ಕಿ ಗಂಟಿನ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿತು. ಅದರ ಹಿಂದೆ ಇನ್ನೊಂದು ಎದ್ದಿತು. ಉಳಿದ ದಂಡು ಇನ್ನೂ ಚೇಳಿನ ಮೇಲೆ ಭದ್ರವಾಗಿ ಕುಳಿತಿತ್ತು. ಕಾಲುಗಳಿದ್ದವು, ಇಕ್ಕಳಗಳಿದ್ದವು, ಇಡೀ ಮೈ ಇತ್ತು. ವಿಶಾಲಾ ಹೊಸ ಎಳೆ ಹೊಸೆದು ಎತ್ತಿಕೊಂಡಳು.

“ಆ ಗೆರಿ ಅಳಿಸು,” ಎಂದಳು ಫಕೀರವ್ವ, ಕೈ ಹಿಂದಕ್ಕೆ ಎಳೆದುಕೊಳ್ಳದೆ. “ನಾ ಹೇಳತೀನಿ, ಮತ್ತ ತಗಿ.”